ಮೊದಲ ಸಲ ಆಫ್‌ರೋಡ್ ಟೈರ್: ಕಡಿಮೆ ದುಡ್ಡಿನಲ್ಲಿ ನಿಮಗೆ ಹೊಂದುವುದು ಯಾವುದು?

ಮಳೆಗಾಲ ಹತ್ತಿರ ಬಂದರೆ ಸಾಕು, ನನಗೆ ಟೈರಿನ ಬಗ್ಗೆ ಫೋನ್ ಬರಲು ಶುರುವಾಗುತ್ತದೆ. ಬೆಂಗಳೂರಿನಲ್ಲಿ ಹೊಸದಾಗಿ ಜಿಮ್ನಿ ಕೊಂಡ ಹುಡುಗ ಕೇಳುತ್ತಾನೆ: "ಅಣ್ಣಾ, ಸಕಲೇಶಪುರದ ಕಡೆ ಹೋಗ್ಬೇಕು. ಎಂಟಿ ಟೈರ್ ಹಾಕಿಸ್ಲೇಬೇಕಾ?" ಎಂಟಿ ಅಂದರೆ ಮಡ್ ಟೆರೇನ್, ಕೆಸರಿಗೆ ಅಂತ ಮಾಡಿದ ಟೈರ್. ಮೂಡಿಗೆರೆ ಹತ್ತಿರ ಕಾಫಿ ತೋಟ ಇರುವ ಗೆಳೆಯ ಕೇಳುತ್ತಾನೆ: "ಬೊಲೆರೊ ತೋಟದ ಏರಲ್ಲಿ ಜಾರ್ತದೆ ಮಾರಾಯ. ಕಮ್ಮಿಗೆ ಯಾವ್ದು ಹಾಕ್ಸೋದು?" ಮೂರನೆಯವರು ಸೆಕೆಂಡ್ ಹ್ಯಾಂಡ್ ಥಾರ್ ಕೊಂಡ ದಂಪತಿ. ಹಳೇ ಓನರ್ ಹಾಕಿಸಿದ್ದ ದಪ್ಪ ಟೈರಿನ ಸದ್ದಿಗೆ ಮನೆಯ ಹಿರಿಯರು ಗಾಡಿ ಹತ್ತಲು ಒಪ್ಪುತ್ತಿಲ್ಲವಂತೆ.

ಮೂವರಿಗೂ ಬೇಕಾಗಿರುವುದು ಬೇರೆ ಬೇರೆ ಟೈರ್. ಆದರೆ ಮೂವರೂ ಮೊದಲು ಕೇಳುವುದು ಕಂಪನಿ ಯಾವುದು, ರೇಟ್ ಎಷ್ಟು ಅಂತ. ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಎರಡು ಮಾತಿವೆ. ನಿಮ್ಮ ಗಾಡಿ ಯಾವ ಮಣ್ಣಿನ ಮೇಲೆ ಓಡುತ್ತದೆ? ವರ್ಷಕ್ಕೆ ಎಷ್ಟು ದಿನ ಓಡುತ್ತದೆ?

ನಾನೂ ಇದನ್ನು ತಡವಾಗಿಯೇ ಕಲಿತೆ. ಹಳೇ ಜಿಪ್ಸಿ ಕೊಂಡ ವರ್ಷ, ಕೆಸರಿಗೆ ಇದೇ ಸರಿ ಅಂತ ಎಂಟಿ ಟೈರ್ ಹಾಕಿಸಿದೆ. ತೋಟದ ದಾರಿಯಲ್ಲಿ ಅದು ನಿಜಕ್ಕೂ ಚೆನ್ನಾಗಿತ್ತು. ಜುಲೈ ತಿಂಗಳಲ್ಲಿ ಒಂದು ಸಂಜೆ ಚಾರ್ಮಾಡಿ ಘಾಟಿ ಇಳಿಯುತ್ತಿದ್ದೆ. ಜಡಿಮಳೆ. ತಿರುವಿನಲ್ಲಿ ಎದುರಿಗೆ ಬಸ್ಸು ಬಂತು, ಬ್ರೇಕ್ ಒತ್ತಿದೆ. ಗಾಡಿ ನಿಲ್ಲಲಿಲ್ಲ, ಹಾಗೇ ಜಾರುತ್ತಾ ಹೋಗಿ ಮೋರಿ ಕಟ್ಟೆಗೆ ಒಂದು ಅಡಿ ಮುಂಚೆ ನಿಂತಿತು. ಪಕ್ಕದಲ್ಲಿ ನನ್ನ ತಂಗಿ ಕೂತಿದ್ದಳು. ಆ ರಾತ್ರಿ ಮನೆಗೆ ಬಂದು ಲೆಕ್ಕ ಹಾಕಿದೆ. ಆ ವರ್ಷ ನಾನು ಕೆಸರಿನಲ್ಲಿ ಓಡಿಸಿದ್ದು ಹನ್ನೊಂದು ದಿನ. ಉಳಿದದ್ದೆಲ್ಲ ಟಾರ್ ರಸ್ತೆ, ಅದರಲ್ಲೂ ಅರ್ಧ ಒದ್ದೆ ಟಾರ್. ಹನ್ನೊಂದು ದಿನಕ್ಕೆ ಬೇಕಾದ ಟೈರ್ ಕೊಂಡು, ಮಿಕ್ಕ ದಿನಗಳಲ್ಲಿ ಅದೇ ಟೈರಿನ ಮೇಲೆ ಮನೆಯವರನ್ನು ಕೂರಿಸಿಕೊಂಡು ತಿರುಗಿದ್ದೆ.

ಮೊದಲು ಮಣ್ಣು ನೋಡಿ

ನಮ್ಮ ರಾಜ್ಯದಲ್ಲೇ ಎಷ್ಟು ಥರದ ನೆಲ ಇದೆ ಅಂತ ಒಮ್ಮೆ ಯೋಚಿಸಿ. ಒಂದೇ ಟೈರ್ ಎಲ್ಲ ಕಡೆ ಗೆಲ್ಲುವುದಿಲ್ಲ.

ಸಕಲೇಶಪುರ, ಮೂಡಿಗೆರೆ, ಮಡಿಕೇರಿ, ಹೊಸನಗರದ ಕಡೆ ಕೆಂಪು ಜೇಡಿಮಣ್ಣು. ಒಣಗಿದಾಗ ಕಲ್ಲಿನ ಹಾಗೆ ಗಟ್ಟಿ, ನೆನೆದಾಗ ಸೋಪಿನ ಹಾಗೆ ಜಾರು. ಇಲ್ಲಿ ಟೈರಿನ ಬಟನ್‌ಗಳ, ಅಂದರೆ ಮೇಲೆ ಎದ್ದಿರುವ ರಬ್ಬರ್ ಗಟ್ಟಿಗಳ ನಡುವೆ ಎಷ್ಟು ಜಾಗ ಇದೆ ಅನ್ನುವುದೇ ಮುಖ್ಯ. ಜಾಗ ಕಡಿಮೆ ಇದ್ದರೆ ಎರಡು ಸುತ್ತಿಗೆ ಕೆಸರು ತುಂಬಿಕೊಂಡು ಟೈರ್ ಬೋಳಾಗಿಬಿಡುತ್ತದೆ. ಜಾಗ ದೊಡ್ಡದಿದ್ದರೆ ಚಕ್ರ ತಿರುಗುವ ರಭಸಕ್ಕೆ ಕೆಸರು ಹೊರಗೆ ಚಿಮ್ಮಿ, ಬಟನ್ ಮತ್ತೆ ನೆಲ ಕಚ್ಚುತ್ತದೆ. ಎಂಟಿ ಟೈರಿನ ಗುಟ್ಟು ಇಷ್ಟೇ.

ಗದಗ, ಧಾರವಾಡ, ವಿಜಯಪುರದ ಎರೆ ಮಣ್ಣಿನ ಕತೆಯೇ ಬೇರೆ. ನೆನೆದ ಎರೆ ಮಣ್ಣು ಎಂಟಿ ಟೈರಿಗೂ ಅಂಟುತ್ತದೆ. ಟೈರ್ ತುಂಬಿ, ಮಡ್‌ಗಾರ್ಡ್ ಒಳಗೂ ತುಂಬಿ, ಕೊನೆಗೆ ಚಕ್ರವೇ ತಿರುಗದ ಹಾಗೆ ಆಗುತ್ತದೆ. ಆ ಊರಿನ ರೈತರನ್ನು ಕೇಳಿ ನೋಡಿ, ಮಳೆ ನಿಂತು ಹೊಲ ಒಣಗುವವರೆಗೆ ಗಾಡಿ ಇಳಿಸಬೇಡ ಅನ್ನುತ್ತಾರೆ. ಈ ಮಣ್ಣಿಗೆ ಅಂತ ದುಬಾರಿ ಟೈರ್ ಕೊಳ್ಳುವುದು ದುಡ್ಡು ಹಾಳು ಮಾಡಿದ ಹಾಗೆ.

ರಾಮನಗರ, ತುಮಕೂರು, ಚಿಕ್ಕಬಳ್ಳಾಪುರ, ಕೋಲಾರದ ಕಡೆ ಬಂಡೆ ಮತ್ತು ಚೂಪು ಜಲ್ಲಿ. ಕೆಸರು ಕಡಿಮೆ. ಇಲ್ಲಿ ಟೈರ್ ಸಾಯುವುದು ಸೈಡ್‌ವಾಲ್, ಅಂದರೆ ಟೈರಿನ ಬದಿ, ಸೀಳಿ. ನೆಲಕ್ಕೆ ತಾಗುವ ಟ್ರೆಡ್‌ನಲ್ಲಿ ಮೊಳೆ ಹೊಕ್ಕರೆ ಪಂಕ್ಚರ್ ಹಾಕಬಹುದು. ಸೈಡ್‌ವಾಲ್ ಹರಿದರೆ ಆ ಟೈರ್ ಗುಜರಿಗೆ. ಹಾಗಾಗಿ ಈ ಕಡೆಯವರು ಬಟನ್ ಎಷ್ಟು ದೊಡ್ಡದು ಅನ್ನುವುದಕ್ಕಿಂತ ಬದಿಯ ರಬ್ಬರ್ ಎಷ್ಟು ಎತ್ತರ, ಎಷ್ಟು ದಪ್ಪ ಅಂತ ನೋಡಬೇಕು.

ಮರಳಿನ ವಿಷಯ ಬೇಗ ಮುಗಿಸುತ್ತೇನೆ. ಮರಳಿನಲ್ಲಿ ದೊಡ್ಡ ಬಟನ್ ಟೈರ್ ನೆಲ ತೋಡುತ್ತದೆ, ಗಾಡಿ ಹೂತುಹೋಗುತ್ತದೆ. ಗಾಳಿ ಇಳಿಸಿದ ಸಾಮಾನ್ಯ ಟೈರ್ ಅಲ್ಲಿ ಚೆನ್ನಾಗಿ ತೇಲುತ್ತದೆ.

ಇನ್ನೊಂದು ಮಾತು. ಮೀಸಲು ಅರಣ್ಯದೊಳಗೆ ಅನುಮತಿ ಇಲ್ಲದೆ ಗಾಡಿ ಇಳಿಸುವುದು ಅಪರಾಧ. ಹುಲ್ಲುಗಾವಲಿನ ಮೇಲೆ ಒಮ್ಮೆ ಚಕ್ರ ಉರುಳಿದರೆ ಆ ಗುರುತಿನಲ್ಲೇ ಮಳೆನೀರು ಹರಿದು ಕೊರಕಲು ಬೀಳುತ್ತದೆ. ಪರಿಚಯದವರ ತೋಟ, ಅನುಮತಿ ಇರುವ ಟ್ರ್ಯಾಕ್, ಊರ ಮಣ್ಣಿನ ರಸ್ತೆ, ಕಲಿಯಲು ಇಷ್ಟು ಸಾಕು.

ಆಮೇಲೆ ಮಿಕ್ಕ ಲೆಕ್ಕ

ಮಣ್ಣು ಗೊತ್ತಾದ ಮೇಲೆ ದಿನಗಳನ್ನು ಎಣಿಸಿ. ಕಳೆದ ಒಂದು ವರ್ಷದಲ್ಲಿ ಗಾಡಿ ಟಾರ್ ಬಿಟ್ಟು ಇಳಿದದ್ದು ಎಷ್ಟು ದಿನ? ಸುಮ್ನೆ ಅಂದಾಜು ಬೇಡ, ಫೋನಿನಲ್ಲಿರುವ ಫೋಟೊ ನೋಡಿ ಎಣಿಸಿದರೂ ಆದೀತು.

ಮೂರನೆಯದು ಒದ್ದೆ ಟಾರ್ ರಸ್ತೆಯಲ್ಲಿ ಬ್ರೇಕ್. ಹೊಸಬರು ಇದನ್ನು ಮರೆಯುತ್ತಾರೆ. ಮಲೆನಾಡಿಗೆ ಹೋಗಬೇಕೆಂದರೆ ಶಿರಾಡಿಯೋ ಆಗುಂಬೆಯೋ ಚಾರ್ಮಾಡಿಯೋ ದಾಟಲೇಬೇಕು ಅಂತಿಲ್ಲ, ಹಾಸನದಿಂದ ಮುಂದಕ್ಕೆ ಹೋದರೂ ಮಳೆಯೇ. ಕೆಸರಿನಲ್ಲಿ ಹೂತರೆ ಇನ್ನೊಂದು ಜೀಪ್ ಬಂದು ಎಳೆಯುತ್ತದೆ. ಘಾಟಿಯಲ್ಲಿ ಬ್ರೇಕ್ ಹಿಡಿಯದಿದ್ದರೆ ಎಳೆಯಲು ಏನೂ ಉಳಿದಿರುವುದಿಲ್ಲ.

ನಾಲ್ಕನೆಯದು ಒಟ್ಟು ಖರ್ಚು. ಟೈರಿನ ಬೆಲೆಯನ್ನು ಅದು ಬಾಳುವ ಕಿಲೋಮೀಟರಿನಿಂದ ಭಾಗಿಸಿ ನೋಡಿ. ಲೆಕ್ಕಕ್ಕೆ ಅಂತ ಹೇಳುತ್ತೇನೆ: 8,000 ರೂಪಾಯಿಯ ಟೈರ್ 50,000 ಕಿ.ಮೀ. ಬಂದರೆ ಕಿಲೋಮೀಟರಿಗೆ 16 ಪೈಸೆ. 12,000 ರೂಪಾಯಿಯ ಟೈರ್ 30,000 ಕಿ.ಮೀ. ಬಂದರೆ 40 ಪೈಸೆ. ನಾಲ್ಕು ಟೈರಿಗೆ 64 ಪೈಸೆ ಒಂದು ಕಡೆ, 1 ರೂಪಾಯಿ 60 ಪೈಸೆ ಇನ್ನೊಂದು ಕಡೆ. ಅದರ ಮೇಲೆ ಭಾರದ ಟೈರ್ ಕುಡಿಯುವ ಹೆಚ್ಚಿನ ಡೀಸೆಲ್ ಬೇರೆ. ನಿಮ್ಮ ಊರಿನ ಅಂಗಡಿಯ ರೇಟ್ ಹಾಕಿ ಇದೇ ಲೆಕ್ಕ ಮಾಡಿ.

ರೇಟ್ ವಿಚಾರಿಸುವಾಗ ಒಂದು ವಿಷಯ ನೆನಪಿರಲಿ. 2025ರ ಸೆಪ್ಟೆಂಬರ್ 22ರಿಂದ ಕಾರು, ಜೀಪಿನ ಟೈರ್ ಮೇಲಿನ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿದಿದೆ. ಅದಕ್ಕೂ ಮುಂಚೆ ತೆರಿಗೆ ಸೇರಿ 9,600 ರೂಪಾಯಿ ಇದ್ದ ಟೈರ್, ಮೂಲ ಬೆಲೆ ಬದಲಾಗದಿದ್ದರೆ, ಈಗ 8,850 ಆಗಬೇಕು. ಸ್ನೇಹಿತರು ಎರಡು ವರ್ಷದ ಹಿಂದಿನ ಬಿಲ್ ತೋರಿಸಿದರೆ ಇದನ್ನು ಸೇರಿಸಿ ಹೋಲಿಸಿ.

ಮೊದಲ ಆಯ್ಕೆ: ಈಗಿರುವ ಟೈರನ್ನೇ ಇಟ್ಟುಕೊಳ್ಳುವುದು

ಇದನ್ನು ಯಾವ ಅಂಗಡಿಯವರೂ ಹೇಳುವುದಿಲ್ಲ, ಆದರೆ ಎಷ್ಟೋ ಜನ ಹೊಸಬರಿಗೆ ಇದೇ ಸರಿಯಾದ ಉತ್ತರ. ಜಿಮ್ನಿಯಂಥ ಗಾಡಿ ಬರುವುದು ಎಚ್‌ಟಿ ಟೈರಿನ ಮೇಲೆ, ಅಂದರೆ ಹೆದ್ದಾರಿಗೆ ಅಂತ ಮಾಡಿದ ಟೈರ್. ಟಾರಿನ ಮೇಲೆ ಸದ್ದಿಲ್ಲ, ಮೈಲೇಜ್ ಚೆನ್ನಾಗಿ, ಮಳೆಯಲ್ಲಿ ಬ್ರೇಕ್ ಚೆನ್ನಾಗಿ. ಒಣ ಮಣ್ಣಿನ ರಸ್ತೆ, ಜಲ್ಲಿ ದಾರಿ, ಸಣ್ಣ ಹಳ್ಳ, ಇವಕ್ಕೆಲ್ಲ ಸಾಕು. ವರ್ಷಕ್ಕೆ ಐದಾರು ದಿನ, ಅದೂ ಬೇಸಿಗೆಯಲ್ಲಿ ಹೋಗುವವರು ಒಂದು ರೂಪಾಯಿಯೂ ಖರ್ಚು ಮಾಡಬೇಕಾಗಿಲ್ಲ.

2020ರ ಹೊಸ ಥಾರ್‌ನಲ್ಲಿ 255/65 ಆರ್18 ಅಳತೆಯ ಟೈರ್ ಇದ್ದ ಗಾಡಿಗಳಂತೂ ಕಾರ್ಖಾನೆಯಿಂದಲೇ ಎಟಿ, ಅಂದರೆ ಟಾರಿಗೂ ಮಣ್ಣಿಗೂ ಆಗುವ ಆಲ್ ಟೆರೇನ್ ಟೈರ್ ಹಾಕಿಕೊಂಡು ಬಂದವು. ಅಂಥ ಗಾಡಿ ಕೊಂಡವರು ಆ ಟೈರ್ ಸವೆಯುವ ಮುಂಚೆಯೇ ಬದಲಿಸಲು ಹೊರಟರೆ ನಾನು ತಡೆಯುತ್ತೇನೆ.

ಇರುವ ಟೈರಿನಿಂದ ಹೆಚ್ಚು ಹಿಡಿತ ಬೇಕೆಂದರೆ ಗಾಳಿ ಇಳಿಸುವುದನ್ನು ಕಲಿಯಿರಿ. ಕೈಗೆಟಕುವ ಆಫ್‌ರೋಡ್ ಟೈರ್ ಯಾವುದು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ. ಡ್ರೈವರ್ ಬಾಗಿಲ ಅಂಚಿನ ಸ್ಟಿಕರ್‌ನಲ್ಲಿ ಟಾರ್ ರಸ್ತೆಗೆ ಎಷ್ಟು ಗಾಳಿ ಅಂತ ಬರೆದಿರುತ್ತದೆ. ಮಣ್ಣಿಗೆ ಇಳಿದ ಮೇಲೆ 20 ಪಿಎಸ್‌ಐ ಹತ್ತಿರಕ್ಕೆ ಇಳಿಸಿದರೆ ಟೈರ್ ಚಪ್ಪಟೆಯಾಗಿ ನೆಲಕ್ಕೆ ತಾಗುವ ಜಾಗ ಉದ್ದವಾಗುತ್ತದೆ. ಕಲ್ಲಿನ ಮೇಲೆ ಟೈರ್ ಬಾಗಿ ಹೊಂದಿಕೊಳ್ಳುತ್ತದೆ, ಚುಚ್ಚಿಸಿಕೊಳ್ಳುವುದು ಕಡಿಮೆ. ಗಾಡಿ ಕುಲುಕುವುದೂ ಕಡಿಮೆ. ಹೊಸಬರು 18ಕ್ಕಿಂತ ಕೆಳಗೆ ಹೋಗದಿರುವುದು ಒಳ್ಳೆಯದು, ತಿರುವಿನಲ್ಲಿ ಟೈರ್ ರಿಮ್ಮಿನಿಂದ ಕಳಚಿಕೊಳ್ಳಬಹುದು. ಗಾಳಿ ಇಳಿಸಿದಾಗ ನಿಧಾನ ಓಡಿಸಿ. ಟಾರಿಗೆ ಹತ್ತುವ ಮುಂಚೆ ಮತ್ತೆ ತುಂಬಿಸಲೇಬೇಕು. ಕಡಿಮೆ ಗಾಳಿಯಲ್ಲಿ ಜೋರು ಓಡಿಸಿದರೆ ಟೈರ್ ಕಾದು ಸಿಡಿಯುತ್ತದೆ.

ಇದಕ್ಕೆ ಬೇಕಾದ್ದು ಒಂದು ಒಳ್ಳೆಯ ಗೇಜ್, ಒಂದು 12 ವೋಲ್ಟ್ ಕಂಪ್ರೆಸರ್. ಎರಡೂ ಸೇರಿ ಒಂದು ಟೈರಿನ ಬೆಲೆಗಿಂತ ಕಡಿಮೆ.

ಎರಡನೆಯದು: ನಮ್ಮಲ್ಲೇ ಸಿಗುವ ಎಟಿ ಟೈರ್

ಎಟಿ ಅಂದರೆ ಟಾರಿಗೂ ಸೈ, ಮಣ್ಣಿಗೂ ಸೈ. ಬಟನ್ ಎಚ್‌ಟಿಗಿಂತ ದೊಡ್ಡದು, ಎಂಟಿಗಿಂತ ಚಿಕ್ಕದು. ಪ್ರತಿ ಬಟನ್ ಮೇಲೂ ಕೂದಲೆಳೆಯಂಥ ಸೀಳುಗಳಿರುತ್ತವೆ. ಒದ್ದೆ ಟಾರಿನಲ್ಲಿ ನೀರು ಸರಿಸಿ ಹಿಡಿತ ಕೊಡುವುದು ಆ ಸೀಳುಗಳೇ.

ಅಪೊಲೊದ ಆಪ್ಟೆರಾ ಎಟಿ2, ಸಿಯೆಟ್‌ನ ಜಾರ್ ಎಟಿ, ಜೆಕೆ ಟೈರಿನ ರೇಂಜರ್ ಎಟಿ, ಎಂಆರ್‌ಎಫ್‌ನ ವಾಂಡರರ್, ಯೊಕೊಹಾಮಾದ ಜಿಯೊಲ್ಯಾಂಡರ್ ಎಟಿ, ಈ ಹೆಸರುಗಳನ್ನು ನೀವು ಅಂಗಡಿಯಲ್ಲಿ ಕೇಳುತ್ತೀರಿ. ಇವುಗಳಲ್ಲಿ ಯಾವುದು ಮೇಲು ಅಂತ ತುಂಬಾ ತಲೆ ಕೆಡಿಸಿಕೊಳ್ಳಬೇಡಿ. ನಿಮ್ಮ ಅಳತೆಯಲ್ಲಿ ಯಾವುದು ಸಿಗುತ್ತದೆ, ಯಾವುದು ಹೊಸ ಸ್ಟಾಕ್, ನಿಮ್ಮ ಊರಿನಲ್ಲಿ ವಾರಂಟಿ ನೋಡುವ ಡೀಲರ್ ಯಾರಿದ್ದಾರೆ, ಹೊಸಬರಿಗೆ ಈ ಮೂರೇ ಮುಖ್ಯ. ಹಾದಿಯಲ್ಲಿ ಒಂದು ಟೈರ್ ಹೋದರೆ ಅದೇ ಟೈರ್ ಹಾಸನದಲ್ಲೋ ಶಿವಮೊಗ್ಗದಲ್ಲೋ ನಾಳೆಯೇ ಸಿಗಬೇಕು, ಅಲ್ವಾ?

ಹೋಲಿಸುವಾಗ ಒಂದು ಸುಲಭ ಪರೀಕ್ಷೆ ಇದೆ. ಎರಡು ಟೈರನ್ನು ಪಕ್ಕದಲ್ಲಿ ನಿಲ್ಲಿಸಿ, ಭುಜದ ಕಡೆ ನೋಡಿ, ಅಂದರೆ ಟ್ರೆಡ್ ಮುಗಿದು ಸೈಡ್‌ವಾಲ್ ಶುರುವಾಗುವ ಜಾಗ. ಅಲ್ಲಿ ಬಟನ್‌ಗಳ ನಡುವೆ ಹೆಬ್ಬೆರಳು ಇಳಿಯುವಷ್ಟು ಜಾಗ ಇದ್ದರೆ ಅದು ಕೆಸರಿನ ಕಡೆ ವಾಲಿದ ಎಟಿ. ಬೆರಳು ಇಳಿಯದಿದ್ದರೆ ಟಾರಿನ ಕಡೆ ವಾಲಿದ್ದು. ಬೆಂಗಳೂರಿನಲ್ಲಿ ದಿನಾ ಆಫೀಸಿಗೆ ಓಡಿಸುವವರಿಗೆ ಎರಡನೆಯದು, ಚಿಕ್ಕಮಗಳೂರಿನ ಕಡೆ ಮನೆ ಇರುವವರಿಗೆ ಮೊದಲನೆಯದು.

ಕಳೆದುಕೊಳ್ಳುವುದೇನು? ಎಚ್‌ಟಿಗಿಂತ ಸ್ವಲ್ಪ ಸದ್ದು, ಸ್ವಲ್ಪ ಮೈಲೇಜ್. ಆಳದ ಅಂಟು ಕೆಸರಿನಲ್ಲಿ ಎಟಿ ಸೋಲುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಜುಲೈ, ಆಗಸ್ಟಿನ ಆ ಆಳದ ಕೆಸರಿಗೆ ಹೊಸಬರು ಒಂಟಿಯಾಗಿ ಇಳಿಯಲೂ ಬಾರದು. ನಾನು ಈಗ ಜಿಪ್ಸಿಗೆ ಹಾಕಿಕೊಂಡಿರುವುದು ಎಟಿ. ಇದೇ ಪ್ರಶ್ನೆ ನನ್ನ ತಂಗಿ ಕೇಳಿದರೂ ಇದನ್ನೇ ಹೇಳುತ್ತೇನೆ.

ಮೂರನೆಯದು: ಹೊರಗಿನಿಂದ ಬರುವ ದುಬಾರಿ ಎಟಿ

ಬಿಎಫ್ ಗುಡ್‌ರಿಚ್‌ನ ಕೆಒ2 ಹೆಸರು ಆಫ್‌ರೋಡ್ ಗುಂಪುಗಳಲ್ಲಿ ದಿನಾ ಕೇಳುತ್ತದೆ. ಗಟ್ಟಿ ಸೈಡ್‌ವಾಲ್, ಕಲ್ಲಿನ ದಾರಿಗೆ ಒಳ್ಳೆಯ ಟೈರ್. ಆದರೆ 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟೈರ್ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿತು. ಅಂದಿನಿಂದ ಆಮದಿಗೆ ಲೈಸೆನ್ಸ್ ಬೇಕು. ಹಾಗಾಗಿ ಹೊರಗಿನ ಟೈರ್ ಸಿಗುವುದು ಕಷ್ಟ, ಸಿಕ್ಕರೂ ಬೆಲೆ ಜಾಸ್ತಿ.

ಇನ್ನೊಂದು ಸೂಕ್ಷ್ಮ ಇದೆ. ಇಂಥ ಟೈರ್‌ಗಳಲ್ಲಿ ಎಷ್ಟೋ ಅಳತೆಗಳು ಎಲ್‌ಟಿ, ಅಂದರೆ ಭಾರ ಹೊರುವ ಪಿಕಪ್ ಗಾಡಿಗೆ ಅಂತ ಮಾಡಿದ್ದು. ಅದರಲ್ಲಿ ಪದರಗಳು ಜಾಸ್ತಿ, ತೂಕ ಜಾಸ್ತಿ. ಭಾರದ ಗಾಡಿಗೆ ಸರಿ. ಜಿಮ್ನಿಯ ತೂಕ ಸುಮಾರು 1,200 ಕೆ.ಜಿ. ಅಷ್ಟು ಹಗುರದ ಗಾಡಿಗೆ ಅಂಥ ಗಡಸು ಟೈರ್ ಹಾಕಿದರೆ ಟೈರ್ ಬಾಗುವುದೇ ಇಲ್ಲ. ಗಾಳಿ ಇಳಿಸಿದರೂ ಕಲ್ಲಿಗೆ ಹೊಂದಿಕೊಳ್ಳುವುದಿಲ್ಲ. ಸೀಟಿನಲ್ಲಿ ಕೂತವರಿಗೆ ಪ್ರತಿ ಗುಂಡಿಯೂ ಸೊಂಟಕ್ಕೆ ತಾಗುತ್ತದೆ. ದುಡ್ಡು ಕೊಟ್ಟು ಹಿಡಿತ ಕಳೆದುಕೊಂಡ ಹಾಗೆ.

ಮೊದಲ ಸೆಟ್ಟಿಗೆ ನಾನು ಇದನ್ನು ಹೇಳುವುದಿಲ್ಲ. ಎರಡು ವರ್ಷ ಓಡಿಸಿ, ನಿಮ್ಮ ದಾರಿ ಕಲ್ಲಿನದೇ ಅಂತ ಖಾತ್ರಿ ಆದ ಮೇಲೆ ಯೋಚಿಸಿ.

ನಾಲ್ಕನೆಯದು: ಎಂಟಿ, ನಮ್ಮ ಜನ ಹೇಳುವ ಬಟನ್ ಟೈರ್

ನೋಡಲು ಚಂದ ಅನ್ನುವುದರಲ್ಲಿ ಎರಡು ಮಾತಿಲ್ಲ. ಕೆಂಪು ಕೆಸರಿನ ಏರಿನಲ್ಲಿ ಇದಕ್ಕೆ ಸಾಟಿಯೂ ಇಲ್ಲ. ಯೊಕೊಹಾಮಾದ ಜಿಯೊಲ್ಯಾಂಡರ್ ಎಂಟಿ, ಮ್ಯಾಕ್ಸಿಸ್‌ನ ಬಿಗ್‌ಹಾರ್ನ್, ಇಂಥವನ್ನು ಸ್ಪರ್ಧೆಗೆ ಹೋಗುವವರು ಬಹಳ ಹಾಕಿಸುತ್ತಾರೆ.

ಆದರೆ ಟಾರಿನ ಮೇಲೆ ಬಟನ್‌ಗಳ ನಡುವಿನ ಖಾಲಿ ಜಾಗ ರಸ್ತೆಗೆ ತಾಗುವುದಿಲ್ಲ. ತಾಗುವ ರಬ್ಬರ್ ಕಡಿಮೆ, ಸೀಳುಗಳೂ ಕಡಿಮೆ, ಹಾಗಾಗಿ ಒದ್ದೆ ರಸ್ತೆಯಲ್ಲಿ ಗಾಡಿ ನಿಲ್ಲಲು ಹೆಚ್ಚು ದೂರ ಬೇಕು. ಹೆದ್ದಾರಿಯಲ್ಲಿ 80 ದಾಟಿದರೆ ಗುಂಯ್ ಅನ್ನುವ ಸದ್ದು, ಒಳಗೆ ಮಾತಾಡಲು ಕಷ್ಟ. ಸವೆತ ಬೇಗ. ಬಟನ್‌ಗಳು ಒಂದೇ ಸಮ ಸವೆಯದಿದ್ದರೆ ಸದ್ದು ಇನ್ನೂ ಹೆಚ್ಚುತ್ತದೆ, ಅದಕ್ಕೇ 5,000 ಕಿ.ಮೀ.ಗೊಮ್ಮೆ ಟೈರ್ ಅದಲು ಬದಲು ಮಾಡಿಸುತ್ತಿರಬೇಕು.

ಎಂಟಿ ಯಾರಿಗೆ ಬೇಕು? ಮನೆಗೂ ಟಾರಿಗೂ ನಡುವೆ ಎರಡು ಮೂರು ಕಿಲೋಮೀಟರ್ ಕೆಸರು ಇರುವವರಿಗೆ, ದಿನಾ ಅದರಲ್ಲೇ ಹಾಲು, ಕಾಫಿ, ಕೂಲಿಯವರನ್ನು ಸಾಗಿಸುವವರಿಗೆ. ಅವರಿಗೆ ಇದು ಹೊಟ್ಟೆಪಾಡಿನ ಸಾಮಾನು. ಕೊಡಚಾದ್ರಿಗೋ ಮಾಂದಲ್‌ಪಟ್ಟಿಗೋ ಬಾಡಿಗೆ ಜೀಪಿನಲ್ಲಿ ಹೋದವರಿಗೆ ಆ ಡ್ರೈವರ್‌ಗಳ ಕೈಚಳಕ ಗೊತ್ತಿರುತ್ತದೆ. ಅವರ ಜೀಪಿನ ಟೈರ್ ನೋಡಿ ನಾವೂ ಅದನ್ನೇ ಹಾಕಿಸಿಕೊಂಡರೆ, ದಿನಾ ಅದೇ ದಾರಿ ಹತ್ತಿದ ಅವರ ಅನುಭವ ಜೊತೆಗೆ ಬರುವುದಿಲ್ಲ.

ವರ್ಷದಲ್ಲಿ ಒಂದೂವರೆ ತಿಂಗಳು ಮಾತ್ರ ಕೆಸರು ಕಾಡುತ್ತದೆ ಅನ್ನುವವರಿಗೆ ಮಲೆನಾಡಿನ ಹಳೇ ಉಪಾಯ ಇದೆ: ಚಕ್ರಕ್ಕೆ ಕಬ್ಬಿಣದ ಚೈನ್ ಸುತ್ತುವುದು. ಎಟಿ ಟೈರಿನ ಮೇಲೆ ಚೈನ್ ಕಟ್ಟಿದರೆ ತೋಟದ ಏರು ಹತ್ತುತ್ತದೆ. ಕೆಸರಿನಲ್ಲಿ ಮಾತ್ರ, ನಿಧಾನವಾಗಿ, ಟಾರಿಗೆ ಬರುವ ಮುಂಚೆ ಬಿಚ್ಚಿಡಬೇಕು. ನಾಲ್ಕು ಎಂಟಿ ಟೈರಿನ ಖರ್ಚಿಗೆ ಹೋಲಿಸಿದರೆ ಇದು ಬಹಳ ಅಗ್ಗ. ಕಟ್ಟುವ ಮುಂಚೆ ಚೈನ್ ಬ್ರೇಕ್ ಪೈಪಿಗೋ ಮಡ್‌ಗಾರ್ಡಿಗೋ ತಾಗುತ್ತದಾ ಅಂತ ಚಕ್ರ ತಿರುಗಿಸಿ ನೋಡಿ.

ಐದನೆಯದು: ರಿಸೋಲ್ ಮತ್ತು ಹಳೇ ಟೈರ್

ದುಡ್ಡು ನಿಜಕ್ಕೂ ಕಡಿಮೆ ಇದ್ದಾಗ ಎಲ್ಲರ ಕಣ್ಣು ಇಲ್ಲಿಗೆ ಬೀಳುತ್ತದೆ. ಹಳೇ ಟೈರಿನ ಮೈಗೆ ಹೊಸ ಬಟನ್ ರಬ್ಬರ್ ಕೂರಿಸುವುದು ರಿಸೋಲ್. ತೋಟ ಬಿಟ್ಟು ಹೊರಗೆ ಬಾರದ, 30 ಕಿ.ಮೀ. ವೇಗ ದಾಟದ ಹಳೇ ಜೀಪಿಗೆ ಇದು ನಡೆಯುತ್ತದೆ. ಎಷ್ಟೋ ಎಸ್ಟೇಟಿನಲ್ಲಿ ನಡೆಯುತ್ತಿದೆ ಕೂಡ. ಹೆದ್ದಾರಿಗೆ ಬರುವ ಗಾಡಿಗೆ ಮಾತ್ರ ದಯವಿಟ್ಟು ಬೇಡ. ಒಳಗಿನ ಮೈ ಎಷ್ಟು ಹಳೆಯದು, ಎಷ್ಟು ಪೆಟ್ಟು ತಿಂದಿದೆ ಅಂತ ಹೊರಗಿನಿಂದ ಗೊತ್ತಾಗುವುದಿಲ್ಲ. ವೇಗದಲ್ಲಿ ಕಾದು ರಬ್ಬರ್ ಪಟ್ಟಿ ಎದ್ದುಬಂದರೆ ಗಾಡಿ ಕೈಗೆ ಸಿಗುವುದಿಲ್ಲ.

ಸೆಕೆಂಡ್ ಹ್ಯಾಂಡ್ ಟೈರ್ ಬೇರೆ ಮಾತು. ಹೊಸ ಥಾರ್, ಜಿಮ್ನಿ ಕೊಂಡು ತಿಂಗಳೊಳಗೆ ಟೈರ್ ಬದಲಿಸುವವರು ಬಹಳ ಜನ ಇದ್ದಾರೆ. ಅವರು ಬಿಚ್ಚಿಟ್ಟ ಟೈರ್ ಹೆಚ್ಚು ಕಡಿಮೆ ಹೊಸದೇ. ಅಂಥ ಸೆಟ್ ಸಿಕ್ಕರೆ, ನೇರ ಓನರ್ ಕೈಯಿಂದ ಕೊಳ್ಳುವುದಾದರೆ, ನಾನು ಬೇಡ ಅನ್ನುವುದಿಲ್ಲ. ಸೈಡ್‌ವಾಲ್ ಮೇಲೆ ಉಬ್ಬು ಇರಬಾರದು, ಬಿರುಕು ಇರಬಾರದು, ಒಳಗಡೆಯಿಂದ ಪ್ಯಾಚ್ ಇರಬಾರದು. ಟ್ರೆಡ್ ಆಳ 1.6 ಮಿ.ಮೀ.ಗೆ ಇಳಿದರೆ ಕಾನೂನಿನ ಪ್ರಕಾರವೇ ಆ ಟೈರ್ ರಸ್ತೆಗೆ ಬರುವಂತಿಲ್ಲ. ಮಣ್ಣಿನ ದಾರಿಗಂತೂ ಅದಕ್ಕಿಂತ ಬಹಳ ಮುಂಚೆಯೇ ಅದರ ಕೆಲಸ ಮುಗಿದಿರುತ್ತದೆ.

ಅಳತೆ: ದೊಡ್ಡದು ಹಾಕಿಸಬೇಕಾ?

ಇಲ್ಲಿ ಸ್ವಲ್ಪ ಗಣಿತ ಇದೆ, ಬೇಸರಿಸಬೇಡಿ. ಜಿಮ್ನಿಯ ಟೈರ್ 195/80 ಆರ್15. 195 ಅಂದರೆ ಅಗಲ, ಮಿಲಿಮೀಟರಿನಲ್ಲಿ. 80 ಅಂದರೆ ಆ ಅಗಲದ ಶೇ. 80ರಷ್ಟು ಸೈಡ್‌ವಾಲ್ ಎತ್ತರ, ಅಂದರೆ 156 ಮಿ.ಮೀ. 15 ಅಂದರೆ ರಿಮ್ಮಿನ ಇಂಚು. ಎಲ್ಲ ಕೂಡಿದರೆ ಟೈರಿನ ಒಟ್ಟು ಎತ್ತರ 693 ಮಿ.ಮೀ.

ಬಹಳ ಜನ ಇದಕ್ಕೆ 215/75 ಆರ್15 ಹಾಕಿಸುತ್ತಾರೆ. ಅದರ ಎತ್ತರ ಸುಮಾರು 703 ಮಿ.ಮೀ. ಗಾಡಿ ಏರುವುದು ಆ ವ್ಯತ್ಯಾಸದ ಅರ್ಧ, ಬರೀ 5 ಮಿ.ಮೀ. ಸ್ಪೀಡೋಮೀಟರಿನಲ್ಲಿ ವ್ಯತ್ಯಾಸ ಶೇ. ಒಂದೂವರೆ. ಈ ಅಳತೆ ಬೊಲೆರೊಗೂ ಬರುವುದರಿಂದ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತದೆ. ಇದರ ನಿಜವಾದ ಲಾಭ ಅದೇ. 235/75 ಆರ್15ಕ್ಕೆ ಹೋದರೆ ಎತ್ತರ 733 ದಾಟುತ್ತದೆ, ಗಾಡಿ 20 ಮಿ.ಮೀ. ಏರುತ್ತದೆ. ಆದರೆ ಮೀಟರ್ 100 ತೋರಿಸುವಾಗ ಗಾಡಿ 105ರ ಮೇಲೆ ಓಡುತ್ತಿರುತ್ತದೆ, ಚಿಕ್ಕ ಇಂಜಿನ್ ಏದುಸಿರು ಬಿಡುತ್ತದೆ, ಪೂರ್ತಿ ಸ್ಟಿಯರಿಂಗ್ ತಿರುಗಿಸಿದಾಗ ಟೈರ್ ಉಜ್ಜಬಹುದು. ಕಂಪನಿ ಹೇಳಿದ ಅಳತೆ ಮೀರಿದರೆ ವಾರಂಟಿಗೂ ಇನ್ಶೂರೆನ್ಸಿಗೂ ತಕರಾರು ಬರಬಹುದು. ಹಿಂಬಾಗಿಲಿನಲ್ಲಿ ಸ್ಟೆಪ್ನಿ ನೇತಾಡುವ ಗಾಡಿಗಳಲ್ಲಿ ಆ ಹೆಚ್ಚಿನ ತೂಕ ಬಾಗಿಲಿನ ಹಿಂಜಿಗೂ ಬೀಳುತ್ತದೆ.

ಥಾರ್ ಓನರ್‌ಗಳು ಇನ್ನೊಂದು ಲೆಕ್ಕ ನೋಡಬಹುದು. 255/65 ಆರ್18 ಟೈರಿನ ಸೈಡ್‌ವಾಲ್ 166 ಮಿ.ಮೀ. ಅದೇ ಥಾರ್‌ನ ಕಡಿಮೆ ಬೆಲೆಯ ಮಾದರಿಗೆ ಬಂದ 245/75 ಆರ್16ರ ಸೈಡ್‌ವಾಲ್ 184 ಮಿ.ಮೀ. ಒಟ್ಟು ಎತ್ತರ 15 ಮಿ.ಮೀ. ಕಡಿಮೆ, ಆದರೆ ರಬ್ಬರ್ ಜಾಸ್ತಿ, ಗಾಳಿ ಇಳಿಸಿದಾಗ ಬಾಗಲು ಜಾಗ ಜಾಸ್ತಿ. ಕಲ್ಲಿನ ದಾರಿಗೆ ಚಿಕ್ಕ ರಿಮ್ಮೇ ಮೇಲು. ಕಬ್ಬಿಣದ 16 ಇಂಚಿನ ರಿಮ್ ಇರುವ ಗಾಡಿ ಅಂತ ಯಾರೂ ಬೇಸರ ಪಡಬೇಕಾಗಿಲ್ಲ.

ಅಳತೆಯ ಪಕ್ಕದಲ್ಲಿ 96ಎಸ್ ಅಂತಲೋ 104ಟಿ ಅಂತಲೋ ಇರುತ್ತದೆ. 96 ಅಂದರೆ ಒಂದು ಟೈರ್ 710 ಕೆ.ಜಿ. ಹೊರುತ್ತದೆ. ಎಸ್ ಅಂದರೆ 180 ಕಿ.ಮೀ. ವೇಗದವರೆಗೆ. ಹೊಸ ಟೈರಿನ ಭಾರದ ಸಂಖ್ಯೆ ಹಳೆಯದಕ್ಕಿಂತ ಕಡಿಮೆ ಇರಲೇಬಾರದು.

ಅಂಗಡಿಯಲ್ಲಿ

ಸೈಡ್‌ವಾಲ್ ಮೇಲೆ ಡಿಒಟಿ ಅನ್ನುವ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತವೆ. 2325 ಅಂತಿದ್ದರೆ 2025ರ 23ನೇ ವಾರ ತಯಾರಾದದ್ದು. ಒಮ್ಮೆ ನಾನು ಒಂದು ಅಂಗಡಿಯಲ್ಲಿ ಒಳ್ಳೆಯ ಡಿಸ್ಕೌಂಟ್ ಅಂತ ಖುಷಿಯಿಂದ ಸೆಟ್ ಹಾಕಿಸಿಕೊಂಡು ಬಂದೆ. ಮನೆಗೆ ಬಂದು ನೋಡಿದರೆ ನಾಲ್ಕು ವರ್ಷ ಹಳೇ ಸ್ಟಾಕ್. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿರಲಿಲ್ಲ, ಹಾಗಾಗಿ ವಾಪಸ್ ಹೋದರೂ ವಾದಿಸಲು ಏನೂ ಇರಲಿಲ್ಲ. ಈಗ ಗಾಡಿಗೆ ಹಾಕುವ ಮುಂಚೆ ಪ್ರತಿ ಟೈರಿನ ಅಂಕಿ ನಾನೇ ಓದುತ್ತೇನೆ. ಆರು ತಿಂಗಳೊಳಗಿನದು ಒಳ್ಳೆಯದು, ಒಂದು ವರ್ಷ ದಾಟಿದರೆ ರೇಟ್ ಇಳಿಸಿ ಅಂತ ಕೇಳಬಹುದು, ಎರಡು ದಾಟಿದರೆ ಬೇಡ. ಐಎಸ್‌ಐ ಮುದ್ರೆಯೂ ಇರಬೇಕು.

ಫೋರ್ ವೀಲ್ ಡ್ರೈವ್ ಗಾಡಿಗೆ ಎರಡೇ ಹೊಸ ಟೈರ್ ಹಾಕಿಸಿ ಉಳಿತಾಯ ಮಾಡಲು ಹೋಗಬೇಡಿ. ಜಿಮ್ನಿ, ಥಾರ್‌ನಂಥ ಗಾಡಿಯಲ್ಲಿ ಫೋರ್ ಬೈ ಫೋರ್ ಹಾಕಿದಾಗ ಮುಂದಿನ, ಹಿಂದಿನ ಚಕ್ರಗಳು ಒಂದೇ ವೇಗದಲ್ಲಿ ತಿರುಗುತ್ತವೆ. ಒಂದು ಜೊತೆ ಸವೆದು ಚಿಕ್ಕದಾಗಿದ್ದರೆ ಆ ಎಳೆದಾಟ ಗೇರಿನ ಮೇಲೆ ಬೀಳುತ್ತದೆ. ಬೊಲೆರೊದಂಥ ಎರಡು ಚಕ್ರದ ಎಳೆತದ ಗಾಡಿಗೆ ಜೊತೆಯಾಗಿ ಹಾಕಿಸಬಹುದು, ಹೊಸ ಜೊತೆ ಹಿಂದಕ್ಕೆ ಇರಲಿ. ಕೈಯಲ್ಲಿ ದುಡ್ಡಿದ್ದರೆ ಐದನೆಯದನ್ನೂ ಕೊಳ್ಳಿ, ಸ್ಟೆಪ್ನಿಯನ್ನೂ ಸರದಿಯಲ್ಲಿ ಓಡಿಸಿದರೆ ಐದೂ ಒಂದೇ ಸಮ ಸವೆಯುತ್ತವೆ.

ಆ ಮೂವರಿಗೆ

ಜಿಮ್ನಿ ಹುಡುಗನಿಗೆ ನಾನು ಹೇಳಿದ್ದು: ಈ ಮಳೆಗಾಲ ಇರುವ ಟೈರಿನಲ್ಲೇ ಕಳೆ. ಗೇಜ್, ಕಂಪ್ರೆಸರ್, ಒಂದು ಒಳ್ಳೆಯ ಎಳೆಯುವ ಹಗ್ಗ ತಗೋ. ಅನುಭವ ಇರುವವರ ಗಾಡಿಯ ಹಿಂದೆ ಮೂರು ಸಲ ಹೋಗಿ ಬಾ. ಆಮೇಲೂ ಸಾಲದು ಅನ್ನಿಸಿದರೆ ಟಾರಿನ ಕಡೆ ವಾಲಿದ ಎಟಿ, ಕಂಪನಿ ಅಳತೆಯಲ್ಲೇ.

ಮೂಡಿಗೆರೆ ಗೆಳೆಯನ ಗಾಡಿ ಹಿಂದಿನ ಚಕ್ರದಿಂದ ಓಡುವುದು. ಅವನಿಗೆ ಕೆಸರಿನ ಕಡೆ ವಾಲಿದ ಎಟಿ ಒಂದು ಜೊತೆ ಹಿಂದಕ್ಕೆ, ಜೊತೆಗೆ ಒಂದು ಜೋಡಿ ಚೈನ್. ಮಕ್ಕಳನ್ನು ದಿನಾ ಪೇಟೆಯ ಶಾಲೆಗೆ ಬಿಡುವ ಗಾಡಿ ಅದು, ಹಾಗಾಗಿ ಎಂಟಿ ಬೇಡ ಅಂದೆ. ತೋಟದ ಏರಿನಲ್ಲಿ ನೀರು ಹರಿದು ಕೊರೆದಿರುವ ಕಡೆ ಎರಡು ಲೋಡ್ ಜಲ್ಲಿ ಹಾಕಿಸು ಅಂತಲೂ ಹೇಳಿದೆ. ಅರ್ಧ ಸಮಸ್ಯೆ ಅಲ್ಲೇ ಇದೆ.

ಥಾರ್ ದಂಪತಿಯ ಹತ್ತಿರ ಈಗಾಗಲೇ ಎಂಟಿ ಇದೆ, ಟ್ರೆಡ್ ಇನ್ನೂ ಅರ್ಧ ಉಳಿದಿದೆ. ಅಷ್ಟು ಉಳಿದಿರುವಾಗ ಮಲೆನಾಡಿನ ಯಾರಾದರೂ ಎಸ್ಟೇಟಿನವರು ಒಳ್ಳೆಯ ಬೆಲೆಗೇ ತೆಗೆದುಕೊಳ್ಳುತ್ತಾರೆ. ಆ ದುಡ್ಡಿಗೆ ಸ್ವಲ್ಪ ಸೇರಿಸಿದರೆ ನಮ್ಮಲ್ಲಿ ಸಿಗುವ ಎಟಿ ಸೆಟ್ ಬರುತ್ತದೆ, ಮನೆಯ ಹಿರಿಯರೂ ಗಾಡಿ ಹತ್ತುತ್ತಾರೆ. ಮಾರುವ ಮುಂಚೆ ಐದೂ ಟೈರಿನ ಡಿಒಟಿ ಅಂಕಿಯ ಫೋಟೊ ತೆಗೆದು ಕಳಿಸಿ ಅಂದಿದ್ದೇನೆ. ಕೊಳ್ಳುವವರಿಗೂ ಅದು ಗೊತ್ತಿರಬೇಕಲ್ವಾ.